ಅವರು ತುಂಬಿಟ್ಟ ಈಡು

ನನ್ನ ಗಂಡ ತೀರಿಹೋದ ದಿನ ನಮ್ಮ ಒಳಕೋಣೆಯ ಗೋಡೆಯ ಮೇಲಿದ್ದ ಕೋವಿ ತುಂಬಿಯೇ ಇತ್ತು. ಹಿಂದಿನ ಸಂಜೆ ಅವರೇ ಜಗಲಿಯಲ್ಲಿ ಕೂತು ತುಂಬಿದ್ದು. ಆ ಸಂಜೆ ಹಂದಿ ಗದ್ದೆಗೆ ಇಳಿಯಲಿಲ್ಲ, ಹೊಡೆಯುವ ಪ್ರಸಂಗ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರು ಬೈಂದೂರಿಗೆ ಹೊರಟವರು ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯ ತನಕವೂ ಹೋಗಲಿಲ್ಲ ಜೀವ.

ಅದು ತೋಟೆ ಹಾಕುವ ಕೋವಿಯಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜವೆಂಬ ಉದ್ದದ ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಕೊಡುವ ಪುಟ್ಟ ಕೇಪು ಇಟ್ಟು ಹೊಡೆಯುವ ಹಳೆಯ ಕೇಪಿನ ಕೋವಿ. ಒಂದು ಸಲಕ್ಕೆ ತುಂಬುವ ಮದ್ದು, ಗುಂಡುಗಳಿಗೆ ನಮ್ಮ ಕಡೆ ಈಡು ಎನ್ನುತ್ತಾರೆ. ಒಮ್ಮೆ ಈಡು ತುಂಬಿದರೆ ಅದನ್ನು ಹೊರಗೆ ಹಾಕಲು ಇರುವ ಸುಲಭದ ದಾರಿ ಹೊಡೆಯುವುದೊಂದೇ. ಕೇಪು ತೆಗೆದಿಟ್ಟರೆ ಅಪಾಯವಿಲ್ಲ, ಮದ್ದಿನ ಪಾಡಿಗೆ ಮದ್ದು ನಳಿಗೆಯ ತಳದಲ್ಲಿ ಮಲಗಿರುತ್ತದೆ. ನನ್ನ ಗಂಡ ಕೇಪು ತೆಗೆದಿಟ್ಟೇ ಹೋಗಿದ್ದರು.

ನಮ್ಮ ಮನೆ ಇರುವುದು ಹಾಲಾಡಿಯಿಂದ ಶಂಕರನಾರಾಯಣಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಎರಡು ಬೆಳೆಯ ಗದ್ದೆ, ನಾಲ್ಕು ತೆಂಗು, ಒಂದು ದನ. ಬೆಳೆ ಕಾಯಲೆಂದು ಕೊಟ್ಟ ಕೋವಿಯ ಲೈಸೆನ್ಸು ಮಾವನ ಕಾಲದ್ದು, ಅವರ ನಂತರ ನನ್ನ ಗಂಡನ ಹೆಸರಿಗೆ ಬಂತು. ನಾನು ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ತಕ್ಕೊಳ್ಳುವ ಕೆಲಸ ಮಾಡುತ್ತೇನೆ. ಅವರದು ತಕ್ಕಡಿ ರಿಪೇರಿ. ಕುಂದಾಪುರದಲ್ಲಿ ಒಂದು ಸಣ್ಣ ಕೋಣೆ ಇಟ್ಟುಕೊಂಡಿದ್ದರು. ಬೈಂದೂರಿನಿಂದ ಬ್ರಹ್ಮಾವರದ ತನಕ ಮೀನಿನವರು, ಜೀನಸಿನವರು, ಚಿನ್ನದ ಅಂಗಡಿಯವರು ಎಲ್ಲರ ತಕ್ಕಡಿಯೂ ಅವರ ಕೈಯಲ್ಲೇ ಸರಿಯಾಗಬೇಕಿತ್ತು. ಕಾಸಿನಷ್ಟು ತೂಕ ಹೆಚ್ಚುಕಡಿಮೆಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಂಥವರ ಕೈಗೆ ಮಾವನ ಕೋವಿ ಬಂದರೆ ಏನಾಗಬೇಕು? ಮಾವ ಎಲ್ಲವನ್ನೂ ಅಂದಾಜಿನಲ್ಲೇ ಮಾಡುತ್ತಿದ್ದವರು. ಅಂಗೈಯಲ್ಲಿ ಮದ್ದು ಸುರಿದುಕೊಂಡು ಕಣ್ಣಳತೆಯಲ್ಲೇ ನಳಿಗೆಗೆ ಹಾಕಿ, ದನದ ಹಗ್ಗದಿಂದ ಒಂದು ಹಿಡಿ ಕತ್ತದ, ಅಂದರೆ ತೆಂಗಿನ, ನಾರು ಕಿತ್ತು ಉಂಡೆ ಮಾಡಿ ಜಡಿದು, ಮೇಲೆ ಗುಂಡು ಹಾಕಿ, ಅದರ ಮೇಲೆ ಮತ್ತೊಂದು ನಾರಿನ ಉಂಡೆ ತುರುಕುತ್ತಿದ್ದರು. ಶಬ್ದ ಬಂದರೆ ಹಂದಿ ಓಡುತ್ತದೆ, ಅವರಿಗೆ ಅಷ್ಟು ಸಾಕಿತ್ತು. ನನ್ನ ಗಂಡ ಅದೇ ರೀತಿಯಲ್ಲಿ ತುಂಬಿ, ಮನೆ ಹಿಂದೆ ಕಲ್ಲು ಕಡಿದು ಪಾಳು ಬಿಟ್ಟ ಮುರಕಲ್ಲಿನ ಕೋರೆಯಲ್ಲಿ ಕ್ಯಾಲೆಂಡರಿನ ಹಾಳೆಯೊಂದನ್ನು ನಿಲ್ಲಿಸಿ ಮೂರು ಸಲ ಹೊಡೆದು ನೋಡಿದರು. ಹಾಳೆಗೆ ಒಂದೂ ತಾಗಲಿಲ್ಲ.

"ಮೂರ್ ಈಡ್, ಮೂರ್ ಊರ್," ಎಂದರು. "ಇದ್ ಕೋವಿಯಾ, ಇಲ್ಲ ಕಣ್ ಕಟ್ಕಂಡ್ ಕಲ್ಲ್ ಹೊಡುದಾ?"

ನಾನು ಕೇಳಿದೆ, "ಹಂದಿ ಹೆದ್ರ್ಸುಕೆ ಶಬ್ದ ಸಾಕಲ್ದಾ? ಗುರಿ ಎಂತಕ್ಕೆ?"

"ಗುಂಡ್ ಎಲ್ಲಿಗ್ ಹೋತ್ತ್ ಅಂದ್ ಗೊತ್ತಿಲ್ದೆ ಹೊಡುಕಾಗ ಕಾಣ್. ಆಚಿಬದಿ ಜನ ಇರ್ತ್ರ್."

ಆಮೇಲಿನ ಭಾನುವಾರಗಳು ಕೋರೆಯಲ್ಲೇ ಕಳೆದವು. ಅವರ ಕ್ರಮ ನನಗೆ ಬಾಯಿಪಾಠವಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಹಿಂದಿನಂತೆಯೇ ಇರಬೇಕು. ಇಲ್ಲದಿದ್ದರೆ ಗುಂಡು ಪಕ್ಕಕ್ಕೆ ಹೋದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಗುಂಡುಗಳನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಿದರು. ಒಳಗೆ ಗಾಳಿಗುಳ್ಳೆ ಸಿಕ್ಕಿದ ಗುಂಡು ನೋಡಲು ಒಂದೇ ಥರ ಇದ್ದರೂ ಹಗುರವಾಗಿರುತ್ತದೆ, ಅಂಥವನ್ನೆಲ್ಲ ಬೇರೆ ತೆಗೆದಿಟ್ಟರು. ಮದ್ದನ್ನೂ ತೂಗಿಯೇ ಹಾಕಿದರು. ಕತ್ತದ ನಾರು ಬಿಟ್ಟರು. ಅದರ ಉಂಡೆ ಒಮ್ಮೆ ಬಿಗಿ, ಒಮ್ಮೆ ಸಡಿಲ. ಅದರ ಬದಲು ನನ್ನ ಹಳೆಯ ಹತ್ತಿ ಸೀರೆಯಿಂದ ಒಂದೇ ಅಳತೆಯ ಬಟ್ಟೆ ಚೂರುಗಳನ್ನು ಕತ್ತರಿಸಿ, ಜೇನುಮೇಣ ಹಚ್ಚಿ, ಗುಂಡನ್ನು ಅದರಲ್ಲಿ ಸುತ್ತಿ ಇಳಿಸಿದರು. ಪ್ರತಿ ಹೊಡೆತದ ನಂತರ ನಳಿಗೆ ಒರೆಸುವುದು, ಕೋವಿಯನ್ನು ಅದೇ ಮರಳಿನ ಚೀಲದ ಮೇಲೆ ಇಡುವುದು, ಕಣ್ಣಿನ ಆಯಾಸ ಹೋಗುವ ತನಕ ಕಾಯುವುದು. ಗಾಳಿ ನೋಡಲು ಒಂದು ಕೋಲಿಗೆ ಸೀರೆಯ ಅಂಚು ಕಟ್ಟಿದ್ದೆವು. ಅದು ಅಲ್ಲಾಡಿದರೆ ನಾನು "ಗಾಳಿ" ಎನ್ನಬೇಕು, ಅವರು ಬೆರಳು ತೆಗೆಯಬೇಕು. ನಮ್ಮಿಬ್ಬರ ಸಂಸಾರದಲ್ಲಿ ನನ್ನ ಮಾತು ಇಷ್ಟು ಶಿಸ್ತಾಗಿ ನಡೆದದ್ದು ಅಲ್ಲಿ ಮಾತ್ರ.

ಗಜದ ಮೇಲೆ ಅವರು ಎರಡು ಗೀರು ಹಾಕಿದ್ದರು. ಖಾಲಿ ಕೋವಿಗೆ ಗಜ ಇಳಿಸಿದರೆ ಮೇಲಿನ ಗೀರು ನಳಿಗೆಯ ಬಾಯಿಗೆ ಸರಿಯಾಗಿ ಬರುತ್ತದೆ. ಒಂದು ಈಡು ತುಂಬಿದ್ದರೆ ಕೆಳಗಿನದು. ಜಡಿಯುವಾಗ ಮದ್ದಿನ ಮೇಲೆ ಗುಂಡು ಸರಿಯಾಗಿ ಕೂತರೆ ಗಜ ಪುಟಿದು ಣಂಯ್ ಎನ್ನುತ್ತದೆ. ಆ ಸದ್ದು ಕೇಳಿ, ಗೀರು ನೋಡಿ, ಆಮೇಲೆಯೇ ಮುಂದಿನ ಕೆಲಸ.

ಮಳೆ ಬಿಟ್ಟ ಮೇಲಿನ ಒಂದು ಭಾನುವಾರ ಅವರ ಐದು ಗುಂಡುಗಳೂ ಹಾಳೆಯ ಮೇಲೆ ಒಂದು ಸಾಸರ್ ಮುಚ್ಚುವಷ್ಟು ಜಾಗದಲ್ಲಿ ಕೂತವು. ಅವರು ಹಾಳೆಯನ್ನು ಬಿಸಿಲಿಗೆ ಹಿಡಿದು ತೂತುಗಳಿಂದ ಬಂದ ಬೆಳಕನ್ನು ಬಹಳ ಹೊತ್ತು ನೋಡಿದರು. "ಸಾಕ್. ಇನ್ನ್ ಇದ್ಕೆ ಎಂತದೂ ಮಾಡುದ್ ಬ್ಯಾಡ," ಎಂದರು. ಆಮೇಲೆ ಅವರು ಬೇರೆ ಥರ ಈಡು ತುಂಬಿದ್ದನ್ನು ನಾನು ನೋಡಲೇ ಇಲ್ಲ.

ಅವರು ಹೋದ ಮೇಲೆ ಕೋವಿ ಅಲ್ಲೇ ಗೋಡೆಯ ಮೇಲೆ ಉಳಿಯಿತು. ಸ್ಟೇಷನ್ನಿಗೆ ತಿಳಿಸಿದ್ದೆವು. ಕಾರ್ಯಗಳೆಲ್ಲ ಮುಗಿದ ಮೇಲೆ ತಂದು ಒಪ್ಪಿಸಿ ಎಂದಿದ್ದರು. ನಾನು ಒಪ್ಪಿಸಲಿಲ್ಲ. ಬೈಂದೂರಿನಲ್ಲಿ ಹೋಟೆಲು ಇಟ್ಟುಕೊಂಡಿರುವ ನನ್ನ ಮೈದುನ ಬಂದಾಗಲೆಲ್ಲ ಅದರ ಮಾತು ಎತ್ತುತ್ತಿದ್ದ.

"ಅತ್ಗೆ, ಅದ್ ಹಾಂಗೇ ಇಡುಕಾಗ. ಒಂದ್ ಈಡ್ ಹೊಡ್ದ್ ಖಾಲಿ ಮಾಡ್ತೆ. ಐದ್ ನಿಮ್ಷದ ಕೆಲ್ಸ."

"ಈಗ ಬ್ಯಾಡ. ಆಮೇಲ್ ಕಾಂಬ," ಎನ್ನುತ್ತಿದ್ದೆ.

ಅದು ಅವರ ಕೈಯ ಕೊನೆಯ ಕೆಲಸ ಎಂಬುದು ಒಂದು. ಇನ್ನೊಂದನ್ನು ಮೈದುನನಿಗೆ ಹೇಳಲು ನನಗೆ ಧೈರ್ಯವಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯಿಂದ ಣಂಯ್ ಎಂಬ ಸದ್ದು ಕೇಳುತ್ತಿತ್ತು. ದಿನವೂ ಅಲ್ಲ. ಮರೆತುಹೋಗಿ ನೆಮ್ಮದಿಯಲ್ಲಿದ್ದ ದಿನವೇ ಕೇಳುತ್ತಿತ್ತು. ಹೊರಗೆ ಬಂದರೆ ಜಗಲಿ ಖಾಲಿ, ಗಜ ಒಳಗೆ ಅದರ ಜಾಗದಲ್ಲೇ. ಡೈರಿಯಲ್ಲಿ ಕ್ಯಾನಿನ ಮುಚ್ಚಳ ಬಿದ್ದರೂ ಹಿಂದೆ ತಿರುಗಿ ನೋಡುತ್ತಿದ್ದೆ. ಬ್ರಹ್ಮಾವರಕ್ಕೆ ಕೊಟ್ಟ ಮಗಳು ಬಂದಾಗ ಆ ಕೋಣೆಯಲ್ಲಿ ಮಲಗಲು ಒಪ್ಪಲಿಲ್ಲ. "ಅಮ್ಮ, ಅಲ್ಲಿ ಮದ್ದಿನ ವಾಸನೆ ಬತ್ತ್," ಎಂದಳು. ಹೊಡೆಯದ ಮದ್ದಿಗೆ ವಾಸನೆ ಎಲ್ಲಿಂದ ಎಂದು ನಾನು ಗದರಿದೆ. ಆದರೆ ಆ ವಾಸನೆ ನನಗೂ ಬರುತ್ತಿತ್ತು.

ಚುನಾವಣೆ ಘೋಷಣೆಯಾದ ಮೇಲೆ ಸ್ಟೇಷನ್ನಿನಿಂದ ಫೋನ್ ಬಂತು. ಊರಿನ ಎಲ್ಲ ಕೋವಿಗಳೂ ಠೇವಣಿಗೆ ಬರಬೇಕು, ಖಾಲಿ ಮಾಡಿ ತನ್ನಿ ಎಂದರು. ಇನ್ನು ಮುಂದೂಡುವಂತಿರಲಿಲ್ಲ. ನಾನೊಂದು ತೀರ್ಮಾನಕ್ಕೆ ಬಂದೆ. ಈಡನ್ನು ಸುಮ್ಮನೆ ಆಕಾಶಕ್ಕೆ ಹೊಡೆಯುವುದು ಬೇಡ. ಕೋರೆಯಲ್ಲಿ ಹಾಳೆ ನಿಲ್ಲಿಸಿ, ಅದೇ ಮರಳಿನ ಚೀಲದ ಮೇಲಿಟ್ಟು, ನಾನೇ ಹೊಡೆಯುತ್ತೇನೆ. ಅವರ ಲೆಕ್ಕ ಸರಿ ಇದ್ದರೆ ಗುಂಡು ಅವರು ಹೇಳಿದ ಕಡೆಗೇ ಹೋಗುತ್ತದೆ. ಮೈದುನ ಮೊದಲು ಒಪ್ಪಲಿಲ್ಲ, ಆಮೇಲೆ ನನ್ನ ಮುಖ ನೋಡಿ ಹೂಂ ಎಂದ.

ಮಧ್ಯಾಹ್ನ ಊಟ ಮುಗಿಸಿ ಹೋದೆವು. ಕೋರೆಯ ಕೆಂಪು ಗೋಡೆ ಬಿಸಿಲಿಗೆ ಕಾದಿತ್ತು. ಸೀರೆಯ ಅಂಚು ಕಟ್ಟಿದ ಕೋಲು ಇನ್ನೂ ಅಲ್ಲೇ ಇತ್ತು, ಬಣ್ಣ ಹೋಗಿತ್ತು. ನಾನು ಹಾಳೆ ಸಿಕ್ಕಿಸಿ ಬಂದೆ. ಮೈದುನ ಚೀಲವನ್ನು ಸರಿ ಮಾಡಿ, ಕೇಪಿನ ಡಬ್ಬಿ ತೆಗೆದ.

"ತಡಿ, ಗಜ ಹಾಕಿ ಕಾಂಬ," ಎಂದೆ. ಅನುಮಾನದಿಂದ ಅಲ್ಲ. ಆ ಜಾಗದಲ್ಲಿ ನಮ್ಮ ಕ್ರಮವೇ ಅದು, ಕೈ ತಾನಾಗಿಯೇ ಹೋಯಿತು.

ಗಜ ಇಳಿಯಿತು, ನಿಂತಿತು. ಕೆಳಗಿನ ಗೀರು ನಳಿಗೆಯ ಬಾಯಿಗೆ ಬರಲಿಲ್ಲ. ಅದಕ್ಕಿಂತ ನಾಲ್ಕೈದು ಬೆರಳು ಮೇಲೆಯೇ ಉಳಿಯಿತು.

"ಗಜ ಬೇರೆ ತಂದ್ರ್ಯಾ ಅತ್ಗೆ?"

"ಬೇರೆ ಎಲ್ಲಿತ್ತ್? ಇದೊಂದೇ."

ಅವನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮತ್ತೆ ಇಳಿಸಿದ. ಅಲ್ಲಿಗೇ ಬಂದು ನಿಂತಿತು. ಅವನು ಬಹಳ ಜೋಪಾನವಾಗಿ ಗಜ ಹೊರಗೆಳೆದು, ಕೋವಿಯ ಬಾಯಿಯನ್ನು ಕೋರೆಯ ಗೋಡೆಯತ್ತ ಮಾಡಿ ನೆಲದ ಮೇಲೆ ಮಲಗಿಸಿದ. ಕೇಪಿನ ಡಬ್ಬಿಯನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟ.

"ಒಳ್ಗೆ ಎರಡ್ ಈಡ್ ಇತ್ತ್ ಅತ್ಗೆ. ಒಂದರ್ ಮೇಲ್ ಒಂದ್. ಹೊಡ್ದಿದ್ರೆ ನಳಿಗೆ ಒಡಿತಿತ್ತ್. ನಿಮ್ ಮುಖದ್ ಹತ್ರವೇ."

ನನಗೆ ಹೆದರಿಕೆಯಾಗಲಿಲ್ಲ, ಅದು ಆಮೇಲೆ ಬಂತು. ಆಗ ಬಂದದ್ದು ಕೋಪ. ಅವರು ಹಾಗೆ ಮಾಡುವವರಲ್ಲ, ಸಾಧ್ಯವೇ ಇಲ್ಲ ಎಂದು ಮೈದುನನ ಮೇಲೆ ಕೂಗಾಡಿದೆ. ನನ್ನ ಕೂಗಾಟ ಮುಗಿದ ಮೇಲೆ ಅವನು ನೆಲ ನೋಡುತ್ತ ಹೇಳಿದ.

"ಅವತ್ತ್ ಸಂಜಿಗೆ ನಾನ್ ಫೋನ್ ಮಾಡಿದೆ ಅಲ್ದಾ? ಅಣ್ಣಯ್ಯ ಒಂದ್ ಮಾತ್ ಕೇಂಡ್ರ್. 'ಅಪ್ಪಯ್ಯ ಅಲ್ಲಿಗ್ ಬಂದಿರಾ? ಈಗ ಇಲ್ಲೇ ಇದ್ದಿರ್, ಕಾಂತಿಲ್ಲ' ಅಂದ್ರ್. ತಮಾಷಿ ಅಂದ್ಕಂಡ್ ನಾನ್ ನೆಗಾಡ್ದೆ. ಅವ್ರ್ ನೆಗಾಡ್ಲಿಲ್ಲ."

ಮಾವ ತೀರಿಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು.

"ಇಷ್ಟ್ ದಿನ ಎಂತಕ್ ಹೇಳ್ಲಿಲ್ಲ?"

"ಹೇಳಿ ಎಂತ ಮಾಡುದ್ ಅತ್ಗೆ? ಹೋದವ್ರ್ ಹೋದ್ರ್."

ಅವರು ಈಡು ತುಂಬಿದ ಆ ಸಂಜೆಯನ್ನು ನೆನಪು ಮಾಡಿಕೊಳ್ಳಲು ಅಲ್ಲೇ ಕೋರೆಯಲ್ಲಿ ನಿಂತು ನೋಡಿದೆ. ಅವರಿಗೆ ಚಾ ಕೊಟ್ಟು ನಾನು ದನಕ್ಕೆ ಹುಲ್ಲು ಹಾಕಲು ಹೋಗಿದ್ದೆ. ಗಜದ ಸದ್ದು ಕೇಳಿತ್ತು. ಫೋನ್ ರಿಂಗಾದದ್ದು ಕೇಳಿತ್ತು. ಆಮೇಲೆ ಇನ್ನೊಮ್ಮೆ ಗಜದ ಸದ್ದು ಕೇಳಿತ್ತೇ? ಕೇಳಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅಷ್ಟು ತಿಂಗಳು ಆ ಸದ್ದನ್ನು ಎಷ್ಟೋ ಸಂಜೆ ಕೇಳಿದವಳ ಕಿವಿ ನನ್ನದು. ಯಾವುದು ಅವತ್ತಿನದು, ಯಾವುದು ಆಮೇಲಿನದು ಎಂದು ಬೇರೆ ಮಾಡಲು ನನ್ನಿಂದ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಮೈದುನ ಸ್ಟೇಷನ್ನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಜೀಪು ಕಳಿಸಿದರು. ಒಬ್ಬರು ಪೊಲೀಸರ ಜೊತೆ ನಾವಿಬ್ಬರೂ ಕುಂದಾಪುರಕ್ಕೆ, ಕೋವಿ ರಿಪೇರಿ ಮಾಡುವವರ ಬಳಿಗೆ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಮದ್ದು ಸಾಯಲೆಂದು ಕೇಪು ಇಡುವ ತೂತಿನಿಂದ ನೀರು ಬಿಟ್ಟು, ನಾವು ಚಾ ಕುಡಿದು ಬರುವ ತನಕ ಹಾಗೇ ಇಟ್ಟರು. ಆಮೇಲೆ ತುದಿಗೆ ತಿರುಪು ಇರುವ ಸಲಾಕೆಯನ್ನು ನಳಿಗೆಗೆ ಇಳಿಸಿ ತಿರುಗಿಸಿ ಎಳೆದರು. ಹೊರಬಂದದ್ದನ್ನು ಒಂದೊಂದಾಗಿ ಹಳೆಯ ಪೇಪರಿನ ಮೇಲೆ ಇಟ್ಟರು.

ಮೊದಲು ಬಂದದ್ದು ಕತ್ತದ ನಾರಿನ ಉಂಡೆ. ನಂತರ ಗುಂಡು. ಮತ್ತೆ ಕತ್ತದ ಉಂಡೆ. ಕಪ್ಪು ಕೆಸರಿನಂತೆ ಒದ್ದೆ ಮದ್ದು. ಅದರ ಕೆಳಗೆ ಮೇಣ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ ಗುಂಡು, ನನ್ನ ಸೀರೆಯ ನೀಲಿ ಬಣ್ಣ ಇನ್ನೂ ಗುರುತು ಸಿಗುತ್ತಿತ್ತು. ಕೊನೆಗೆ ಮತ್ತೆ ಮದ್ದು.

ಅವರು ಕನ್ನಡಕ ಮೇಲೇರಿಸಿ ಪೇಪರನ್ನು ನೋಡಿದರು. "ಇದ್ ಇಬ್ರ್ ತುಂಬಿದ್ದ್," ಎಂದರು. "ಕೆಳ್ಗಿಂದ್ ತೂಕ ಕಂಡ್ ತುಂಬಿದವ್ರ್ ಕೈ. ಮೇಲಿಂದ್ ಹಳಿಯವ್ರ್ ಕೈ, ಅಂದಾಜಿಂದ್. ಯಾರ್ ಮಾರಾಯ್ರೆ ಇನ್ನೊಬ್ರ್?"

ಮೈದುನ ನನ್ನ ಕಡೆ ನೋಡಿದ. "ಒಬ್ರೇ," ಎಂದೆ ನಾನು. "ನಮ್ಮನ್ಯೋರ್ ಒಬ್ರೇ."

ಅವರು ಒಪ್ಪಲಿಲ್ಲ. "ನಲ್ವತ್ ವರ್ಷ ಇದೇ ಕೆಲ್ಸ ಮಾಡಿದೆ ಅಮ್ಮ. ಕೈ ಗುರ್ತ್ ಸಿಕ್ತ್," ಎಂದು ಕೋವಿ ಒರೆಸತೊಡಗಿದರು. ಅದನ್ನು ಅಲ್ಲಿಂದಲೇ ಪೊಲೀಸರಿಗೆ ಒಪ್ಪಿಸಿ ರಶೀದಿ ತೆಗೆದುಕೊಂಡು ಮನೆಗೆ ಬಂದೆವು.

ಬಂದವಳು ಸೀದಾ ಕೊಟ್ಟಿಗೆಗೆ ಹೋದೆ. ದನದ ಹಗ್ಗದ ತುದಿಯಲ್ಲಿ ನಾರು ಕಿತ್ತ ಗುರುತಿತ್ತು. ಅವರು ತೀರಿಹೋದ ವಾರವೇ, ಹಗ್ಗ ಗಿಡ್ಡವಾಗಿದೆಯಲ್ಲ, ಇಲಿ ಕಡಿದಿರಬೇಕು ಎಂದುಕೊಂಡು ಗಂಟು ಹಾಕಿದ್ದೆ. ಅಂದರೆ ಅವರು ಫೋನ್ ಇಟ್ಟು, ಜಗಲಿ ಇಳಿದು, ಹಿಂಬದಿಯಿಂದ ಕೊಟ್ಟಿಗೆಗೆ ಬಂದು, ನಾರು ಕಿತ್ತುಕೊಂಡು ಹೋಗಿದ್ದಾರೆ. ನಾನು ಆಗ ಹುಲ್ಲಿನ ರಾಶಿಯ ಆಚೆ ಬದಿ ಇದ್ದಿರಬೇಕು. ಕರೆದಿದ್ದರೆ ಓಗೊಡುವಷ್ಟು ಹತ್ತಿರದಲ್ಲಿ. ಅವರು ಯಾರಾಗಿ ಅಲ್ಲಿಗೆ ಬಂದಿದ್ದರು ಎಂಬುದನ್ನು ಯೋಚಿಸಲು ನನಗೆ ಇಷ್ಟವಿರಲಿಲ್ಲ. ಆದರೆ ಅದೇ ಯೋಚನೆಯಾಯಿತು.

ಮಗಳು ಕುಂದಾಪುರದ ಡಾಕ್ಟರರೊಬ್ಬರನ್ನು ಕೇಳಿದಳು. ಇಂಥ ಮರೆವು ಹೀಗೂ ಶುರುವಾಗುತ್ತದೆ, ಹೊಸದಾಗಿ ಕಲಿತದ್ದು ಜಾರಿ ಚಿಕ್ಕಂದಿನಲ್ಲಿ ನೋಡಿದ್ದು ಮೇಲೆ ಬರುತ್ತದೆ, ಮನೆಯವರಿಗೂ ಗೊತ್ತಾಗುವುದಿಲ್ಲ ಎಂದರಂತೆ. ಇರಬಹುದು. ಊರಿನವರು ಹೇಳಿದ್ದು ಬೇರೆ. ಕೋವಿ ಕೊಟ್ಟವರೇ ಬಂದು ತುಂಬಿದರು, ಮಗನನ್ನು ಕರೆದುಕೊಂಡು ಹೋದರು ಎಂದರು. ಮಾವನಿಗೆ ಎಡೆ ಇಡಿಸಿದೆ. ಎರಡನ್ನೂ ಅಲ್ಲವೆನ್ನುವ ಶಕ್ತಿ ನನ್ನಲ್ಲಿರಲಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು. ಕೋವಿಯಲ್ಲಿ ಹೀಗಾಗಿದ್ದರೆ ತಕ್ಕಡಿಗಳಲ್ಲಿ? ಅವರ ಹೆಸರಿನ ಮೇಲೆ ನಂಬಿಕೆಯಿಟ್ಟವರು ಎಷ್ಟು ಮಂದಿ! ಡೈರಿಗೆ ರಜೆ ಹಾಕಿ, ಅವರ ಹಿತ್ತಾಳೆಯ ತೂಕದ ಬಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಬೈಂದೂರಿನಲ್ಲಿ ಮೈದುನನನ್ನೂ ಕರೆದುಕೊಂಡು ಅಂಗಡಿ ಅಂಗಡಿ ಹೊಕ್ಕೆವು. ಅವರು ಕೊನೆಯ ತಿಂಗಳುಗಳಲ್ಲಿ ಮುಟ್ಟಿದ ತಕ್ಕಡಿಗಳೆಲ್ಲ ಸರಿಯಾಗಿದ್ದವು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬ್ರಹ್ಮಾವರದಲ್ಲೂ ಹಾಗೆಯೇ.

ಬರುವಾಗ ಸಾಸ್ತಾನದಲ್ಲಿ ಇಳಿದೆ. ಟೋಲ್‌ಗೇಟಿನಿಂದ ಸ್ವಲ್ಪ ಆಚೆ ಮೀನು ಮಾರುವ ಹೆಂಗಸೊಬ್ಬರು ಅವರ ಹಳೆಯ ಗಿರಾಕಿ. ತಕ್ಕಡಿಗೆ ಬಟ್ಟು ಇಟ್ಟು ನೋಡಿದೆ. ಸರಿಯಿತ್ತು.

"ಅವ್ರ್ ಮಾಡಿದ್ ತಪ್ಪುದುಂಟಾ?" ಎಂದರು ಆಕೆ. "ಕಡಿ ಸಲ ಬಂದಾಗ ಇಲ್ಲೇ ಈ ಕಟ್ಟಿ ಮೇಲ್ ಕೂಕಂಡ್ ಮಾಡಿದ್ರ್. ನಾನ್ ಚಾ ತರ್ಸ್ತೆ ಅಂದೆ. ಎರಡ್ ತರ್ಸಿ ಅಂದ್ರ್. ಒಂದ್ ಅವ್ರ್ ಕುಡ್ದ್ರ್, ಒಂದ್ ಬದಿಯಂಗ್ ಇಟ್ರ್. ಯಾರೋ ಬತ್ರ್ ಅಂದ್ಕಂಡೆ ನಾನ್. ಕೆಲ್ಸ ಮುಗುವರಿಗೂ ಮಾತಾಡ್ತಾ ಇದ್ದಿರ್."

"ಯಾರೊಟ್ಟಿಗೆ?"

"ಗೊತ್ತಿಲ್ಲ ಮಾರಾಯ್ರೆ. ಸಣ್ಣಕ್ ಮಾತಾಡ್ತಿದ್ದಿರ್. ನೆಗಾಡ್ತಿದ್ದಿರ್. ಖುಷಿಯಂಗಿದ್ದಿರ್."

ನಾನು ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಆಕೆ ಬೇರೆ ಗಿರಾಕಿಗೆ ಬಂಗುಡೆ ತೂಗಿದರು. ಲಾರಿಗಳು ಟೋಲಿನ ಕಡೆಗೆ ಸಾಲಾಗಿ ನಿಂತಿದ್ದವು. ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಆ ಕಡೆಗೆ ತಿರುಗಿ ನೋಡದೆಯೇ ಎದ್ದೆ, ಕುಂದಾಪುರದ ಬಸ್ಸಿಗೆ ಕೈ ಅಡ್ಡ ಹಿಡಿದೆ.